ಒಕಾಯಾ ಊರಿನ ಹೆಣ್ಣು ಪೈಲ್ವಾನರು

ಚಾಮರಾಜನಗರ ಸ್ಟೇಷನ್ನು

ಜಪಾನಿನಿಂದ ಬಂದು ಎಷ್ಟೋ ದಿನವಾದರೂ ಊರಿನವರ ಪ್ರಶ್ನೆಗಳು ಮುಗಿದಿಲ್ಲ. ಅಲ್ಲಿ ಹಾವು ತಿನ್ನುತ್ತಾರಂತೆ, ಹೌದೇ? ಗಂಡಸರು ಹೆಂಗಸರು ಒಂದೇ ತೊಟ್ಟಿಯಲ್ಲಿ ಮೀಯುತ್ತಾರಂತೆ, ಹೌದೇ? ಮನೆಗಳೆಲ್ಲ ಕಾಗದದವಂತೆ, ಮಳೆ ಬಂದರೆ ಏನು ಮಾಡುತ್ತಾರೆ? ಹೇಳಿ ಹೇಳಿ ನನಗೆ ಸಾಕಾಗಿದೆ. ನಾನು ಸರಿಯಾಗಿ ನೋಡಿದ್ದು ಒಂದು ರೇಷ್ಮೆ ಊರು, ಅದರ ಚಳಿ, ಮತ್ತೆ ಒಬ್ಬ ಹೆಂಗಸು. ಆ ಹೆಂಗಸಿನ ವಿಚಾರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಬರೆಯುತ್ತಿದ್ದೇನೆ.

ಕನ್ನಡನಾಡು ಒಂದಾದ ಮರುವರ್ಷ, ಹೊಸ ಯಂತ್ರಗಳಲ್ಲಿ ನೂಲು ತೆಗೆಯುವುದನ್ನು ಕಲಿತು ಬರಲಿ ಎಂದು ನಮ್ಮ ಕಡೆಯಿಂದ ಇಬ್ಬರನ್ನು ಜಪಾನಿಗೆ ಕಳಿಸಿದರು. ಒಬ್ಬ ನಾನು, ಉಡಿಗಾಲದ ಬೇಸಾಯದ ಮನೆಯಲ್ಲಿ ಹುಟ್ಟಿ ರೇಷ್ಮೆ ಇನ್ಸ್‌ಪೆಕ್ಟರಾದವನು. ಇನ್ನೊಬ್ಬ ಗುಂಡ್ಲುಪೇಟೆಯ ಮಾದಪ್ಪ, ನಮ್ಮ ಫಿಲೇಚರಿನ, ಅಂದರೆ ನೂಲು ತೆಗೆಯುವ ಕಾರ್ಖಾನೆಯ, ಮೇಸ್ತ್ರಿ. ನನಗೆ ಹೋಗುವ ಮನಸ್ಸಿರಲಿಲ್ಲ. ಹಳ್ಳಿಹಳ್ಳಿಗೆ ಸೈಕಲ್ಲು ತುಳಿದು ಸೊಂಟ ಬಿದ್ದುಹೋಗಿತ್ತು. ಹುಳುವಿಗೆ ರೋಗ ಬಂದಾಗಲೆಲ್ಲ ರೈತರು ನನಗೇ ಬಯ್ಯುತ್ತಿದ್ದುದನ್ನು ಕೇಳಿ ಕಿವಿ ಸೋತಿತ್ತು. ಸುಸ್ತಾದ ಎತ್ತನ್ನು ಇನ್ನೂ ದೂರದ ಸಂತೆಗೆ ಹೊಡೆದ ಹಾಗೆ, ನನ್ನನ್ನು ರೈಲಿಗೆ ಹತ್ತಿಸಿದರು.

ಮಾದಪ್ಪನ ಕಥೆಯೇ ಬೇರೆ. ವಯಸ್ಸಿನಲ್ಲಿ ಅವನು ಹೆಸರಾದ ಪೈಲ್ವಾನ. ಎಡಭುಜ ಕಿತ್ತು ಬಂದಮೇಲೆ ಅಖಾಡಕ್ಕೆ ಇಳಿಯುವುದನ್ನು ಬಿಟ್ಟಿದ್ದನಾದರೂ ಸಂಜೆ ಗರಡಿಮನೆಗೆ ಹೋಗಿ ಕೂರದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಅವನನ್ನು ಬೀಳ್ಕೊಡಲು ಗುಂಡ್ಲುಪೇಟೆಯಿಂದ ಗರಡಿಯ ಮಂದಿಯೆಲ್ಲ ಹಾರ ಹಿಡಿದುಕೊಂಡು ಬಂದಿದ್ದರು. ಅವನ ಹೆಂಡತಿ ರಾಗಿಹಿಟ್ಟಿನ ಚೀಲ, ಎಳ್ಳೆಣ್ಣೆಯ ಡಬ್ಬ ಕೊಟ್ಟು ಕಿಟಕಿಯ ಸರಳು ಹಿಡಿದು ನಿಂತಳು.

“ಅಲ್ಲೂ ಕುಸ್ತಿ ಗಿಸ್ತಿ ಅಂತ ಓಗ್ಬುಟ್ಟು ಇನ್ನೊಂದ್ ಭುಜಾನೂ ಕಿತ್ಕಬ್ಯಾಡ, ಉಸಾರು,” ಎಂದಳು.

“ಅವ್ರು ನನ್ ಎದೆಮಟ್ಟ ಅವ್ರಂತೆ. ಅವ್ರ್ ಕೂಟೆ ಯಾವ್ ಕುಸ್ತಿ ಬುಡು,” ಎಂದ ಮಾದಪ್ಪ.

ಹಡಗು

ಬೊಂಬಾಯಿಯಿಂದ ಹಡಗು. ಹಡಗಿನ ಬಗ್ಗೆ ನನಗೆ ಹೇಳಲು ಬರುವುದು ಇಷ್ಟೆ: ಕೊಲಂಬೊ ತಲುಪುವವರೆಗೆ ನಾನು ಮಲಗಿದ್ದೆ, ಅಲ್ಲಿಂದ ಸಿಂಗಪುರದವರೆಗೆ ಮಲಗಬಾರದಿತ್ತು ಎಂದು ಪಶ್ಚಾತ್ತಾಪ ಪಟ್ಟೆ, ಆಮೇಲೆ ಮತ್ತೆ ಮಲಗಿದೆ. ಮಾದಪ್ಪ ಮಾತ್ರ ಬೆಳಿಗ್ಗೆ ಎದ್ದು ಡೆಕ್ಕಿನ ಮೇಲೆ ಬಸ್ಕಿ ಹೊಡೆಯುತ್ತಿದ್ದ. ಒಂದು ದಿನ ಅಲೆಯ ನೀರು ಒಳಕ್ಕೆ ನುಗ್ಗಿ ರಾಗಿಹಿಟ್ಟಿನ ಚೀಲ ನೆನೆದುಹೋಯಿತು. ಎರಡು ದಿನ ಬಿಟ್ಟು ನಮ್ಮಿಬ್ಬರ ಪೆಟ್ಟಿಗೆ ತೆಗೆದರೆ ಹಿಟ್ಟು ಊದಿ, ಹುಳಿಬಂದು, ನನ್ನ ಕೋಟಿನ ಜೇಬಿನೊಳಗೂ ಹೋಗಿತ್ತು. ಯೊಕೊಹಾಮಾ ಬಂದರಿನ ಸುಂಕದ ಅಧಿಕಾರಿ ಅದನ್ನು ಬೆರಳಿನಲ್ಲಿ ಮುಟ್ಟಿ, ಮೂಸಿ, ನನ್ನ ಮುಖ ನೋಡಿ, ಏನೂ ಕೇಳದೆ ಮುಚ್ಚಳ ಮುಚ್ಚಿಬಿಟ್ಟ. ಪರದೇಶದಲ್ಲಿ ನನಗೆ ಸಿಕ್ಕಿದ ಮೊದಲ ಮರ್ಯಾದೆ ಅದು.

ಒಕಾಯಾ

ಒಕಾಯಾ ಬೆಟ್ಟಗಳ ನಡುವಿನ ರೇಷ್ಮೆ ಊರು. ಪಕ್ಕದಲ್ಲೇ ಸುವಾ ಎಂಬ ದೊಡ್ಡ ಸರೋವರ. ರೈಲಿನಿಂದ ಇಳಿದೊಡನೆ ಮಾದಪ್ಪ ಮೂಗೆತ್ತಿ, “ಇನ್ಸ್‌ಪೆಕ್ಟ್ರೇ, ನಮ್ಮೂರ್ ವಾಸ್ನೆ!” ಎಂದು ಕೂಗಿದ. ಗೂಡು ಬೇಯಿಸುವ ವಾಸನೆ. ನಮ್ಮ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡುವ ಆ ನಾತ ಅಲ್ಲಿ ನನಗೆ ತೌರುಮನೆಯ ಹಾಗೆ ಕಂಡಿತು. ನಮ್ಮಲ್ಲಿ ನೂಲು ತೆಗೆದಮೇಲೆ ಉಳಿಯುವ ಹುಳುವನ್ನು ಗೊಬ್ಬರಕ್ಕೆ ಹಾಕುತ್ತೇವೆ. ಅವರು ಉಪ್ಪುನೀರಿನಲ್ಲಿ ಬತ್ತಿಸಿ ಅನ್ನದ ಜೊತೆ ಬಡಿಸುತ್ತಾರೆ.

ನಮಗೆ ಇಳಿದುಕೊಳ್ಳಲು ಕೊಟ್ಟದ್ದು ಫಿಲೇಚರಿನ ಹಿಂದಿದ್ದ ಒಂದು ಮರದ ಮನೆ. ಕೆಲಸಗಾರರು ಕೆಲವರು ಅಲ್ಲಿಯೇ ಇದ್ದರು. ಅಡುಗೆ ಮಾಡಿ ಮನೆ ನೋಡಿಕೊಳ್ಳುತ್ತಿದ್ದವರು ತೊಮಿ ಎಂಬಾಕೆ. ಮೂವತ್ತು ದಾಟಿದ ವಯಸ್ಸು, ಅಗಲವಾದ ಬೆನ್ನು, ದಪ್ಪ ಕೈ. ಕತ್ತು ಮಾತ್ರ ತಿರುಗುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಅವರಿಗೆ ಅಮೆರಿಕದ ಸಿಪಾಯಿಗಳಿಂದ ಕಲಿತ ಅರೆಬರೆ ಇಂಗ್ಲಿಷು ಬರುತ್ತಿತ್ತು. ನನಗೆ ಅಷ್ಟೇ ಅರೆಬರೆ ಜಪಾನಿ ಭಾಷೆ ಬಂದಮೇಲೆ ಎರಡೂ ಸೇರಿ ಒಂದು ಮಾತಾಗುತ್ತಿತ್ತು.

ಮೊದಲ ವಾರವೇ ನಾನು ಕಕ್ಕಸಿನ ಚಪ್ಪಲಿ ಹಾಕಿಕೊಂಡು ಊಟದ ಮನೆಯ ಚಾಪೆಯ ಮೇಲೆ ಬಂದು ಕೂತೆ. ಅಲ್ಲಿ ಕಕ್ಕಸಿಗೇ ಬೇರೆ ಚಪ್ಪಲಿ, ಅದು ಹೊಸ್ತಿಲು ದಾಟಬಾರದು. ತಿನ್ನುತ್ತಿದ್ದವರೆಲ್ಲ ಕೈ ತಡೆದರು. ತೊಮಿಯವರು ಬಂದು, ನನ್ನ ಕಾಲಿನಿಂದ ಚಪ್ಪಲಿ ಕಳಚಿ, ಎರಡು ಬೆರಳಿನಲ್ಲಿ ಹಿಡಿದುಕೊಂಡು ಹೋದರು. ಇನ್ನೊಂದು ಫಜೀತಿ ಇದಕ್ಕಿಂತ ದೊಡ್ಡದು. ನಾನು ಮಾಂಸ ಮುಟ್ಟದವನು ಎಂದು ಹೇಳಿದ್ದೆ. ಬೆಳಿಗ್ಗೆ ಕೊಡುತ್ತಿದ್ದ ಬಿಸಿ ಸಾರು ಬಹಳ ರುಚಿಯಾಗಿದೆಯೆಂದು ದಿನಾ ಎರಡು ಬಟ್ಟಲು ಕುಡಿದೆ. ತಿಂಗಳು ಕಳೆದಮೇಲೆ, ಅದು ಒಣಮೀನಿನ ಚಕ್ಕೆ ಕುದಿಸಿದ ನೀರಿನಲ್ಲಿ ಮಾಡಿದ್ದೆಂದು ತಿಳಿಯಿತು. ಮಾದಪ್ಪನಿಗೆ ಅದು ಮೊದಲೇ ಗೊತ್ತಿತ್ತು.

“ಯಾಕ್ ಯೋಳ್ಲಿಲ್ಲ?” ಎಂದೆ.

“ನೀವ್ ಅಷ್ಟ್ ಖುಸೀಲಿ ಕುಡೀತಿದ್ರಿ. ಯೋಳಕ್ಕೆ ಮನ್ಸ್ ಬರ್ನಿಲ್ಲ ಸ್ವಾಮಿ,” ಎಂದ.

ತೊಮಿಯವರು ಅಂದಿನಿಂದ ನನಗೆ ಬೇರೆ ಮಡಕೆಯಲ್ಲಿ ಬರೀ ತರಕಾರಿ ಬೇಯಿಸಿಕೊಟ್ಟರು. ಅದು ಅಷ್ಟು ರುಚಿಯಾಗಿರಲಿಲ್ಲ.

ಹಿಮ

ಗೋಪಾಲಸ್ವಾಮಿ ಬೆಟ್ಟದ ಮಂಜನ್ನೇ ಚಳಿಯೆಂದು ತಿಳಿದಿದ್ದ ನಮಗೆ ಒಕಾಯಾದ ಚಳಿಗಾಲ ಬುದ್ಧಿ ಕಲಿಸಿತು. ಸರೋವರ ಪೂರ್ತಿ ಹೆಪ್ಪುಗಟ್ಟಿತು. ಆ ಮಂಜುಗಡ್ಡೆ ಬಿರುಕು ಬಿಡುವಾಗ ಬಂಡೆಗೆ ಸಿಡಿಮದ್ದು ಇಟ್ಟ ಹಾಗೆ ಶಬ್ದ. ದೇವರು ಆಚೆ ದಡದ ದೇವಿಯನ್ನು ನೋಡಲು ನಡೆದುಹೋದ ದಾರಿ ಆ ಬಿರುಕು ಎನ್ನುತ್ತಾರೆ ಅಲ್ಲಿಯವರು. ಮಾದಪ್ಪ ಕೈಮುಗಿದ.

ಒಂದು ಬೆಳಿಗ್ಗೆ ಫಿಲೇಚರಿಗೆ ಹೊರಟವನು ಬಾಗಿಲಿನಿಂದ ಹತ್ತು ಮಾರು ಹೋಗುವಷ್ಟರಲ್ಲಿ ಜಾರಿ ಬಿದ್ದೆ. ಕಾಲು ಉಳುಕಿ ಊದಿಕೊಂಡಿತು. ಮಾದಪ್ಪ ಆಗಲೇ ಕೆಲಸಕ್ಕೆ ಹೋಗಿದ್ದ. ತೊಮಿಯವರು ಹೊರಗೆ ಬಂದು ನೋಡಿ, ನನ್ನ ಮುಂದೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತರು. ನನಗೆ ಅರ್ಥವಾಗಲಿಲ್ಲ. “ಹತ್ತಿ,” ಎಂದರು. ಬೇಡವೆಂದೆ. ಕೈ ಹಿಂದಕ್ಕೆ ಚಾಚಿ ನನ್ನನ್ನು ಎಳೆದು ಬೆನ್ನಿಗೆ ಹಾಕಿಕೊಂಡು ಎದ್ದೇಬಿಟ್ಟರು. ಡಾಕ್ಟರ ಮನೆ ಊರಿನ ಇನ್ನೊಂದು ತುದಿ. ಮೊಣಕಾಲು ಮುಳುಗುವ ಹಿಮದಲ್ಲಿ ಅವರು ಒಂದು ಕಡೆಯೂ ನಿಲ್ಲಲಿಲ್ಲ. ದಾರಿಯಲ್ಲಿ ಜನ ಬಗ್ಗಿ ನಮಸ್ಕಾರ ಮಾಡಿದರು, ಬೆನ್ನ ಮೇಲಿಂದ ನಾನೂ ಬಗ್ಗಿದೆ. ನಾಚಿಕೆಯಾಗಬೇಕಿತ್ತು. ನಿಜ ಹೇಳಬೇಕೆಂದರೆ ಎಷ್ಟೋ ವರ್ಷಗಳಿಂದ ನನ್ನ ಭಾರ ಇನ್ನೊಬ್ಬರು ಹೊತ್ತಿರಲಿಲ್ಲ, ನನಗೆ ನಿದ್ದೆ ಬರುವ ಹಾಗಾಯಿತು.

ಕಾಲಿಗೆ ಪಟ್ಟಿ ಕಟ್ಟುತ್ತ ಡಾಕ್ಟರು ಕೇಳಿದರು: “ನಿಮ್ಮನ್ನು ಹೊತ್ತು ತಂದವರು ಯಾರು ಗೊತ್ತೇ? ಒಂದು ಕಾಲಕ್ಕೆ ಇವರ ಕುಸ್ತಿ ನೋಡಲು ಟೋಕಿಯೋದಲ್ಲಿ ಜನ ಮುಗಿಬೀಳುತ್ತಿದ್ದರು.”

ತೊಮಿಯವರ ಅಡುಗೆಮನೆ

ಕಾಲು ಸರಿಹೋಗುವ ತನಕ ನಾನು ಅಡುಗೆಮನೆಯ ಪಕ್ಕದಲ್ಲಿ ಕೂತಿರುತ್ತಿದ್ದೆ. ಕೆಂಡದ ಗುಳಿಯ ಮೇಲೆ ಮೇಜು, ಮೇಜಿನ ಮೇಲೆ ರಜಾಯಿ, ಅದರೊಳಗೆ ಕಾಲು ಇಟ್ಟುಕೊಂಡರೆ ಏಳಲು ಮನಸ್ಸಾಗದು. ತೊಮಿಯವರು ಮೂಲಂಗಿ ಹೆಚ್ಚುತ್ತ ತಮ್ಮ ಕಥೆಯನ್ನು ಸ್ವಲ್ಪಸ್ವಲ್ಪವೇ ಹೇಳಿದರು.

ಚಿಕ್ಕಂದಿನಲ್ಲಿ ಇದೇ ಊರಿನ ಫಿಲೇಚರಿನಲ್ಲಿ ಬಿಸಿನೀರಿನ ಬಾಣಲೆಯ ಮುಂದೆ ಕೂತು ನೂಲು ಎಳೆದವರು. ಬೆರಳು ಬೆಂದು ಬಿಳಿಚಿಕೊಂಡಿರುತ್ತಿದ್ದವಂತೆ. ಯುದ್ಧ ಮುಗಿದು ಕೆಲಸ ನಿಂತಾಗ ಕಿಯೊ ಎಂಬ ಗೆಳತಿಯ ಜೊತೆ ಟೋಕಿಯೋಗೆ ಹೋದರು. ಅಲ್ಲಿ ಹೆಂಗಸರ ಕುಸ್ತಿಯ ಒಂದು ತಂಡ ಸೇರಿದರು.

“ಕುಸ್ತಿಯೆಂದರೆ ಏನು ಕುಸ್ತಿ!” ಎಂದರು. “ಕುಡಿಯುವವರ ಮಧ್ಯೆ, ಕುಣಿಯುವ ಹಾಲಿನಲ್ಲಿ. ತೊಡೆಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕು. ಅದನ್ನು ಕಿತ್ತುಕೊಂಡವಳು ಗೆದ್ದ ಹಾಗೆ. ಗಂಡಸರು ನಗುತ್ತಿದ್ದರು. ನಾನು ಮತ್ತು ಕಿಯೊ ಬೆಳಿಗ್ಗೆ ಬೇರೆ ಗರಡಿಗೆ ಹೋಗಿ ನಿಜವಾದ ಪಟ್ಟು ಕಲಿತೆವು. ಯಾವತ್ತಾದರೂ ಅವರ ನಗು ನಿಲ್ಲಿಸಬೇಕು ಅಂತ.”

ಒಂದು ದಿನ ಅದೂ ಆಯಿತು. ಅಮೆರಿಕದಿಂದ ಹೆಣ್ಣು ಪೈಲ್ವಾನರ ತಂಡ ಬಂತು. ದೊಡ್ಡ ಹಾಲಿನಲ್ಲಿ ಪಂದ್ಯಗಳು ನಡೆದವು. ಟೆಲಿವಿಷನ್ ಎಂಬ ಪೆಟ್ಟಿಗೆಯನ್ನು ಬೀದಿಯ ಕಂಬಕ್ಕೆ ಕಟ್ಟಿ ಜನರಿಗೆ ತೋರಿಸಿದರು. ಆಮೇಲೆ ಎಲ್ಲಿ ಹೋದರೂ ಇವರದೇ ಮಾತು. ತೊಮಿ ಮತ್ತು ಕಿಯೊ ಎದುರುಬದುರಾದರೆ ಯಾರೂ ನಗುತ್ತಿರಲಿಲ್ಲ. ಅದು ಎರಡು ವರ್ಷ ನಡೆಯಿತೋ ಇಲ್ಲವೋ, ತಂಡಗಳು ಜಗಳವಾಡಿ ಒಡೆದವು, ದೊಡ್ಡ ಹಾಲು ಹೋಗಿ ಮೀನುಗಾರರ ಊರುಗಳ ಗುಡಾರ ಬಂತು.

“ಗೆಲ್ಲುವವರು ಯಾರು ಅಂತ ಮೊದಲೇ ಮಾತಾಗಿರುತ್ತದೆ. ಬೀಳುವುದು ಮಾತ್ರ ನಿಜ,” ಎಂದರು ತೊಮಿಯವರು. ಅಂಥ ಒಂದು ಊರಿನಲ್ಲಿ ಅಖಾಡದ ಹಲಗೆ ಸಡಿಲವಾಗಿತ್ತು. ಕಿಯೊ ಎತ್ತಿ ಎಸೆದರು, ಎಂದಿನ ಹಾಗೆಯೇ. ತೊಮಿಯವರ ಕತ್ತು ಹಲಗೆಯ ಸಂದಿಗೆ ಬಿತ್ತು. ಬಾಗಿಲಿನ ಕದವೊಂದನ್ನು ಕಳಚಿ ಅದರ ಮೇಲೆ ಮಲಗಿಸಿ ಹೊತ್ತುಕೊಂಡು ಹೋದರು. ಕಿಯೊ ಆಸ್ಪತ್ರೆಯ ಬಾಗಿಲವರೆಗೆ ಬಂದವರು ಒಳಗೆ ಬರಲಿಲ್ಲ. ಆಮೇಲೆ ಇಬ್ಬರೂ ಭೇಟಿಯಾಗಿಲ್ಲ.

ಇದನ್ನೆಲ್ಲ ಮಾದಪ್ಪನಿಗೆ ಹೇಳಿದೆ. ಮೊದಲು ಅವನು ನಂಬಲಿಲ್ಲ. “ಎಣ್ಮಕ್ಳು ಅಖಾಡುಕ್ ಇಳ್ಯಾದಾ? ನಮ್ ಗರಡಿ ಹೊಸ್ಲೂ ದಾಟಂಗಿಲ್ಲ,” ಎಂದ. ಆದರೆ ಅಂದೇ ಸಂಜೆ ಅವರ ನಡಿಗೆಯನ್ನೂ ಕೂರುವುದನ್ನೂ ಕಣ್ಣಿಟ್ಟು ನೋಡಿದ. ಮಾರನೆಯ ದಿನ ಎಳ್ಳೆಣ್ಣೆ ಬಿಸಿಮಾಡಿಕೊಂಡು ಬಂದು, “ತಾಯಿ, ಕುಂತ್ಕಳಿ,” ಎಂದು ಕನ್ನಡದಲ್ಲೇ ಹೇಳಿದ. ಅವರು ಕೂತರು. ಅವತ್ತಿನಿಂದ ಕೆಲಸ ಮುಗಿಸಿ ಬಂದು ಅವರ ಕತ್ತಿಗೆ, ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದ.

“ವಾಸಿಯಾಯ್ತದಾ?” ಎಂದು ನಾನು ಕೇಳಿದೆ.

“ಇಲ್ಲ ಸ್ವಾಮಿ. ಒಳಗೆ ಮೂಳೆ ಓಗ್ಬುಟ್ಟದೆ. ವಸಿ ನಿದ್ದೆ ಬಂದಾತು, ಅಷ್ಟೆಯ.”

ಗುಡಾರ

ಹಿಮ ಕರಗಿ ಬೀದಿಯೆಲ್ಲ ಕೆಸರಾದ ಕಾಲಕ್ಕೆ ಸರೋವರದ ದಡದಲ್ಲಿ ಒಂದು ಗುಡಾರ ಎದ್ದಿತು. ಹೆಂಗಸರ ಕುಸ್ತಿ. ಬಣ್ಣದ ಚಿತ್ರದಲ್ಲಿ ಕಿಯೊ ಇದ್ದರು. ತಂಡದ ಯಜಮಾನ ತೊಮಿಯವರನ್ನು ಹುಡುಕಿಕೊಂಡು ಬಂದ. ಅವನ ಇನ್ನೊಬ್ಬ ಪೈಲ್ವಾನಳಿಗೆ ಜ್ವರ. ಹಳೆಯ ಜೋಡಿ ಮತ್ತೆ ಎದುರಾದರೆ ಊರೇ ಸೇರುತ್ತದೆ, ಒಂದೇ ಒಂದು ಪಂದ್ಯ, ಕೊನೆಗೆ ಕಿಯೊ ಇವರನ್ನು ತಲೆಯ ಮೇಲೆತ್ತಿ ಎಸೆಯಬೇಕು, ಜನ ಅದನ್ನೇ ನೆನಪಿಟ್ಟಿದ್ದಾರೆ ಎಂದ.

ತೊಮಿಯವರು ಆಗಲಿ ಎಂದರು.

ಡಾಕ್ಟರು ಬಂದು ಬೇಡವೆಂದರು, ಇನ್ನೊಂದು ಸಲ ಅದೇ ಜಾಗಕ್ಕೆ ಪೆಟ್ಟು ಬಿದ್ದರೆ ಕೈಕಾಲು ಆಡುವುದಿಲ್ಲ ಎಂದರು. ಮಾದಪ್ಪ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಬಂದ. “ಯೋಳಿ ಸ್ವಾಮಿ ಅವ್ರ್ಗೆ. ನನ್ ಭುಜ ಓದಾಗ ನಾನೂ ಇಂಗೇ ಅಟ ಮಾಡ್ದೆ. ಆರ್ ತಿಂಗ್ಳು ನನ್ ಹೆಂಡ್ರು ನಂಗೆ ತುತ್ತಿಟ್ಳು. ಈ ತಾಯ್ಗೆ ತುತ್ತಿಡಕ್ ಯಾರವ್ರೆ ಅಂತ ಕೇಳಿ.”

ನಾನು ಹೇಳಿದೆ. ತೊಮಿಯವರು ಚಾಕು ಕೆಳಗಿಟ್ಟು, ಮೈ ತಿರುಗಿಸಿ ಮಾದಪ್ಪನ ಕಡೆ ನೋಡಿದರು.

“ಅವತ್ತು ನನ್ನನ್ನು ಕದದ ಮೇಲೆ ಹೊತ್ತುಕೊಂಡು ಹೋದರು. ನಾನಾಗಿ ಅಖಾಡದಿಂದ ಇಳಿದು ಬರಲಿಲ್ಲ. ಅಲ್ಲಿಂದ ಈಚೆಗೆ ಎಷ್ಟು ಮಲಗಿದರೂ ದಣಿವು ಹೋಗಿಲ್ಲ. ಒಂದು ಸಲ ನನ್ನ ಕಾಲಿನ ಮೇಲೆ ಇಳಿದು ಬರಬೇಕು. ಇಷ್ಟು ಹೇಳಿ ಅವರಿಗೆ.”

ಮಾದಪ್ಪನಿಗೆ ಹೇಳಿದೆ. ಅವನು ಎದ್ದು ಹೋಗಿ ಎಣ್ಣೆಯ ಡಬ್ಬ ತಂದ.

ಪಂದ್ಯ ಮಧ್ಯಾಹ್ನ. ಗುಡಾರ ತುಂಬಿತ್ತು. ಫಿಲೇಚರಿನ ಹೆಣ್ಣುಮಕ್ಕಳು ರಜೆ ಕೇಳಿ ಬಂದಿದ್ದರು. ನಮ್ಮ ಅಖಾಡದ ಕೆಮ್ಮಣ್ಣು ಎಲ್ಲಿ, ಇಲ್ಲಿನ ಹಗ್ಗ ಕಟ್ಟಿದ ಹಲಗೆಯ ಚೌಕ ಎಲ್ಲಿ! ಮಾದಪ್ಪ ಪಂದ್ಯಕ್ಕೆ ಮೊದಲೇ ಮುಂದೆ ಹೋಗಿ ಒಂದೊಂದು ಹಲಗೆಯನ್ನೂ ಅಂಗೈಯಿಂದ ಒತ್ತಿ ನೋಡಿ ಬಂದ.

ತೊಮಿಯವರು ಹಳೆಯ ಕಪ್ಪು ಉಡುಪಿನಲ್ಲಿ ಬಂದರು. ಎದುರಿಗೆ ಕಿಯೊ, ಸಣಕಲು ಮೈ, ಕಣ್ಣ ಸುತ್ತ ಕಪ್ಪು. ಇಬ್ಬರೂ ಬಗ್ಗಿ ನಮಸ್ಕಾರ ಮಾಡಿ ಹಿಡಿದುಕೊಂಡರು. ಕಿಯೊ ಹಿಡಿಯುತ್ತಿದ್ದರು, ಬಿಡುತ್ತಿದ್ದರು. ಕತ್ತಿನ ಹತ್ತಿರ ಕೈ ಹೋದರೆ ಬೆಂಕಿ ಮುಟ್ಟಿದವರ ಹಾಗೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಜನ ಕೂಗತೊಡಗಿದರು. ತೊಮಿಯವರು ಕಿಯೊ ಅವರ ಕೆನ್ನೆಗೆ ಛಟೀರನೆ ಒಂದು ಕೊಟ್ಟು ಏನೋ ಅಂದರು. ಆಮೇಲೆ ಕುಸ್ತಿ ಬಂತು. ತೊಮಿಯವರು ಕಾಲುಪಟ್ಟು ಹಾಕಿ ಕಿಯೊ ಅವರನ್ನು ಕೆಡವಿದರು, ಅವರು ಮಗ್ಗುಲಾಗಿ ಹೊರಳಿ ಎದ್ದರು, ಮತ್ತೆ ಹಿಡಿತ. ಮಾದಪ್ಪ ನನ್ನ ತೊಡೆ ಹಿಂಡುತ್ತಿದ್ದ. “ಕುಸ್ತಿ ಕಣಪ್ಪೋ, ಇದು ಕುಸ್ತಿ,” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಸುತ್ತ ಒಬ್ಬರೂ ನಗುತ್ತಿರಲಿಲ್ಲ.

ಕಡೆಗೆ ಕಿಯೊ ತೊಮಿಯವರ ಸೊಂಟಕ್ಕೆ ಕೈಹಾಕಿ ತಲೆಯ ಮೇಲಕ್ಕೆ ಎತ್ತಿದರು. ಮಾದಪ್ಪ ಎದ್ದು ನಿಂತು ಕನ್ನಡದಲ್ಲಿ ಅರಚಿದ: “ಎಸೀಬ್ಯಾಡ ಕಣವ್ವಾ! ಇಳ್ಸು! ಕೆಳೀಕೆ ಇಳ್ಸು!”

ಕಿಯೊ ಎಸೆಯಲಿಲ್ಲ. ಹಾಗೇ ನಿಂತರು. ಕಾಲು ನಡುಗತೊಡಗಿತು. ಆಮೇಲೆ ಒಂದು ಮಂಡಿ ಊರಿದರು, ಇನ್ನೊಂದು ಊರಿದರು, ಭಾರ ಹೊತ್ತ ಒಂಟೆ ಕೂರುವ ಹಾಗೆ. ತೊಮಿಯವರನ್ನು ಎದೆಗೆ ಇಳಿಸಿಕೊಂಡು ತಾವೇ ಅಂಗಾತ ಬಿದ್ದರು. ಬೆನ್ನು ಹಲಗೆಗೆ ಮುಟ್ಟಿತು. ತೀರ್ಪುಗಾರನಿಗೆ ಬೇರೆ ದಾರಿಯಿರಲಿಲ್ಲ. ಎಣಿಸಿ, ತೊಮಿಯವರ ಕೈ ಎತ್ತಿದ.

ಜನ ನಗತೊಡಗಿದರು. ಮೋಸ, ಮೋಸ ಎಂದು ಕೂಗಿದರು. ಯಾರೋ ಕಿತ್ತಳೆಯ ಸಿಪ್ಪೆ ಎಸೆದರು. ತೊಮಿಯವರ ಮುಖ ಕಲ್ಲಾಗಿತ್ತು. ಹಗ್ಗ ದಾಟಿ, ಮೆಟ್ಟಿಲಿಳಿದು, ಆ ನಗುವಿನ ಮಧ್ಯೆ ತಮ್ಮ ಕಾಲಿನ ಮೇಲೆ ನಡೆದು ಬಂದರು.

ಗುಡಾರದ ಹಿಂದೆ ನಾವು ಹೋದಾಗ ಇಬ್ಬರೂ ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿದ್ದರು. ಯಜಮಾನ ಕಿಯೊಗೆ ಬಯ್ದು ಆಗಷ್ಟೇ ಹೋಗಿದ್ದ.

“ಯಾಕೆ ಎಸೆಯಲಿಲ್ಲ? ಎಲ್ಲರೂ ನಕ್ಕರು,” ಎಂದರು ತೊಮಿಯವರು.

“ಒಂದು ಸಲ ಎಸೆದಿದ್ದೇನೆ,” ಎಂದರು ಕಿಯೊ. “ಇನ್ನು ನನ್ನ ಕೈಲಿ ಆಗುವುದಿಲ್ಲ.”

ತೊಮಿಯವರು ಮೈ ತಿರುಗಿಸಿ ಕಿಯೊ ಕಡೆ ನೋಡಿದರು. ಆಮೇಲೆ ತಾವು ಕಟ್ಟಿಕೊಂಡು ಬಂದಿದ್ದ ಅನ್ನದ ಉಂಡೆಯನ್ನು ಮುರಿದು ಅರ್ಧ ಕಿಯೊಗೆ ಕೊಟ್ಟರು. ಇಬ್ಬರೂ ಅಳುತ್ತಿದ್ದರೋ ಬೆವರೋ ನನಗೆ ತಿಳಿಯಲಿಲ್ಲ. ಮಾದಪ್ಪ ನನ್ನ ತೋಳು ಹಿಡಿದು ಎಳೆದ. “ಬನ್ನಿ ಸ್ವಾಮಿ, ಓಗನ. ಇಲ್ಲಿ ನಮ್ಗೇನ್ ಕೆಲ್ಸ.”

ಗುಡಾರ ಮುಂದಿನ ಊರಿಗೆ ಹೊರಟಾಗ ಕಿಯೊ ಹೋಗಲಿಲ್ಲ. ಫಿಲೇಚರಿನಲ್ಲಿ ಗೂಡು ಆರಿಸುವ ಕೆಲಸಕ್ಕೆ ಸೇರಿ ತೊಮಿಯವರ ಜೊತೆಯಲ್ಲೇ ಉಳಿದುಕೊಂಡರು. ನಾವು ಊರು ಬಿಡುವವರೆಗೂ ಆ ಇಬ್ಬರು ಸಂಜೆ ಬಕೀಟು ಹಿಡಿದುಕೊಂಡು ಊರಿನ ಸ್ನಾನದ ಮನೆಗೆ ಹೋಗುವುದನ್ನು ನೋಡುತ್ತಿದ್ದೆವು. ದಣಿದವರ ನಡಿಗೆ, ಆದರೆ ಮನೆಯ ಕಡೆ ಹೋಗುವ ದಣಿವು.

ಗುಂಡ್ಲುಪೇಟೆ

ಬಂದಮೇಲೆ ಒಂದು ಭಾನುವಾರ ಮಾದಪ್ಪನನ್ನು ನೋಡಲು ಗುಂಡ್ಲುಪೇಟೆಗೆ ಹೋದೆ. ಬಿಸಿಲಿಗೆ ಬಸ್ಸಿನ ಸೀಟು ಸುಡುತ್ತಿತ್ತು, ಮಗ್ಗುಲಿನವನ ಬಾಳೆಗೊನೆ ದಾರಿಯುದ್ದಕ್ಕೂ ನನ್ನ ಪಕ್ಕೆ ತಿವಿಯಿತು. ಮಾದಪ್ಪ ಗರಡಿಮನೆಯ ಜಗುಲಿಯ ಮೇಲೆ ಕೂತಿದ್ದ. ಸುತ್ತ ಅವನ ಹಳೆಯ ಜೊತೆಗಾರರು. ಜಪಾನಿನ ಕುಸ್ತಿಯ ಕಥೆ ಅಷ್ಟು ಹೊತ್ತಿಗೆ ಮುಗಿಯುವುದರಲ್ಲಿತ್ತು.

“ಎಣ್ಣೆಂಗ್ಸ್ರು ಕುಸ್ತೀನಂತೆ!” ಎಂದು ಒಬ್ಬ ಪಕ್ಕೆ ಹಿಡಿದುಕೊಂಡು ನಕ್ಕ. “ಎತ್ಬುಟ್ಟು ಎಸೀನಿಲ್ವಂತೆ! ತಾನೇ ಬಿದ್ಲಂತೆ! ಇದೆಂತಾ ಕುಸ್ತಿ ಕಣ್ಲಾ ಮಾದ?”

ಉಳಿದವರೂ ನಕ್ಕರು. ನನ್ನನ್ನು ನೋಡಿ ಸ್ವಲ್ಪ ತಡೆದುಕೊಂಡರು. ಮಾದಪ್ಪ ಸಿಟ್ಟಾಗುತ್ತಾನೆಂದು ನಾನು ಕಾದೆ. ಅವನು ಆಗಲಿಲ್ಲ. ಭುಜ ನೀವಿಕೊಳ್ಳುತ್ತ ಕೂತಿದ್ದ.

“ಅದೆಲ್ಲಾ ಇರ್ಲಿ,” ಎಂದ ಇನ್ನೊಬ್ಬ. “ಕಡೀಕೆ ಗೆದ್ದೋರ್ ಯಾರು, ಅದ್ನ ಯೋಳು.”

ಮಾದಪ್ಪ ಅವನ ಕಡೆ ನೋಡಿದ. “ಇಬ್ರೂ ಒಂದೇ ಒಲೇಲಿ ಅನ್ನ ಬೇಯಿಸ್ಕಂಡು ಉಣ್ತಾವ್ರೆ ಕಣ್ಲಾ,” ಎಂದ. “ಬುಡು.”